ಆನೆಗೆ ಕಾಲರ್ ಯಾಕೆ ಹಾಕಿಲ್ಲ?

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಮಕ್ಕಳ ಚಿತ್ರಪುಸ್ತಕಗಳ ಬಗ್ಗೆ ಎರಡು ಮಾತು.

ಸಕಲೇಶಪುರದ ಕಡೆಯ ನಮ್ಮ ಹಳ್ಳಿಯಲ್ಲಿ, ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಕ್ಕಳು ನಮ್ಮ ಮನೆಯ ಜಗಲಿಗೆ ಬರುತ್ತಾರೆ. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಅಂಟಿಸಿಕೊಂಡ ಚಟ ಇದು. ಕಾಫಿ ಹಣ್ಣು ಕುಯ್ಯುವ ಬಿದಿರಿನ ಬುಟ್ಟಿಯಲ್ಲಿ ಪುಸ್ತಕ ತುಂಬಿ ಇಟ್ಟಿರುತ್ತೇನೆ. ಯಾರಿಗೆ ಯಾವುದು ಬೇಕೋ ಎತ್ತಿಕೊಳ್ಳಬಹುದು.

ಹೋದ ಮಳೆಗಾಲದಲ್ಲಿ ಎರಡನೇ ಕ್ಲಾಸಿನ ಹುಡುಗನೊಬ್ಬ ‘ಗಜಪತಿ ಕುಲಪತಿ’ ಎತ್ತಿಕೊಂಡ. ಚೆನ್ನೈನ ತೂಲಿಕಾ ಪ್ರಕಾಶನದ ಪುಸ್ತಕ. ಅಶೋಕ್ ರಾಜಗೋಪಾಲನ್ ಅವರದು. ದೊಡ್ಡ ಆನೆ, ಅದಕ್ಕೆ ದೊಡ್ಡ ನೆಗಡಿ, ಆಮೇಲೆ ದೊಡ್ಡ ಸೀನು. ನಾನು ಓದಿ ಹೇಳಿದೆ. ಸೀನಿನ ಜಾಗ ಬಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಇವನು ಮಾತ್ರ ನಗಲಿಲ್ಲ. ಪುಟ ಹಿಂದಕ್ಕೆ ತಿರುಗಿಸಿ, ಆನೆಯ ಕುತ್ತಿಗೆಯ ಮೇಲೆ ಬೆರಳಿಟ್ಟು ಕೇಳಿದ: “ಟೀಚರ್, ಇದಕ್ಕೆ ಕಾಲರ್ ಯಾಕೆ ಹಾಕಿಲ್ಲ?”

ಆಲೂರು, ಸಕಲೇಶಪುರ, ಬೇಲೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಕೆಲವು ಕಾಡಾನೆಗಳಿಗೆ ಅರಣ್ಯ ಇಲಾಖೆಯವರು ರೇಡಿಯೋ ಕಾಲರ್ ಹಾಕಿದ್ದಾರೆ. ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಮೆಸೇಜ್ ಬಂದ ದಿನ ಅಮ್ಮ ಸ್ಕೂಲಿನವರೆಗೂ ಜೊತೆಗೆ ಬರುತ್ತಾಳೆ. ಆ ಹುಡುಗನಿಗೆ ಗೊತ್ತಿರುವ ಆನೆ ಅದು. ನಾನು ಐದು ನಿಮಿಷದಲ್ಲಿ ಅಕ್ಷರ ಮುಗಿಸಿ ಪುಸ್ತಕ ಮುಚ್ಚಿಟ್ಟಿದ್ದೆ. ಅವನು ಇನ್ನೂ ಚಿತ್ರ ಓದುತ್ತಿದ್ದ.

ಚಿತ್ರ ಇರುವುದು ಅಂದಕ್ಕೆ ಅಂತ ನಾವು ದೊಡ್ಡವರು ತಿಳಿದಿದ್ದೇವೆ. ಮದುವೆ ಮನೆಗೆ ಸೀರಿಯಲ್ ಸೆಟ್ ಹಾಕಿದ ಹಾಗೆ. ಒಳ್ಳೆಯ ಚಿತ್ರಪುಸ್ತಕ ಹಾಗಿರುವುದಿಲ್ಲ. ಅಕ್ಷರ ಒಂದು ಹೇಳುತ್ತದೆ, ಚಿತ್ರ ಅದನ್ನೇ ತಿರುಗಿ ಹೇಳದೆ ಬೇರೆ ಏನೋ ಸೇರಿಸುತ್ತದೆ. ಒಂದೊಂದು ಸಲ ಅಕ್ಷರ ಹೇಳಿದ್ದು ಸುಳ್ಳು ಅಂತ ಚಿತ್ರವೇ ಸಾಕ್ಷಿ ಹೇಳುತ್ತದೆ. ಪುಟಗಳೂ ಲೆಕ್ಕದವು. ದೊಡ್ಡ ಹಾಳೆಯ ಎರಡು ಬದಿಗೂ ಅಚ್ಚು ಹಾಕಿ ಮಡಚಿದರೆ ಎಂಟು, ಹದಿನಾರು ಹೀಗೆ ಪುಟ ಸಿಗುತ್ತವೆ. ಹಾಗಾಗಿ ಚಿತ್ರಪುಸ್ತಕಗಳು ಸಾಮಾನ್ಯವಾಗಿ 24 ಇಲ್ಲವೇ 32 ಪುಟ. ಅಷ್ಟರೊಳಗೆ ಯಾವ ಪುಟ ತಿರುಗಿಸಿದಾಗ ಸೀನು ಬರಬೇಕು ಅಂತ ಮಾಡಿದವರು ತಲೆ ಕೆಡಿಸಿಕೊಂಡಿರುತ್ತಾರೆ. ನಾವು ಬಸ್ ಹಿಡಿಯುವವರ ಹಾಗೆ ಪಟಪಟ ಅಂತ ತಿರುಗಿಸಿಬಿಡುತ್ತೇವೆ!

ಇದನ್ನು ನನಗೆ ಇನ್ನೂ ಚೆನ್ನಾಗಿ ಕಲಿಸಿದವರು ಒಬ್ಬರು ಅಜ್ಜಿ. ಮೊಮ್ಮಗಳನ್ನು ಜಗಲಿಗೆ ಬಿಟ್ಟು, ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂರುವವರು. ಅವರಿಗೆ ಓದಲು ಬರುವುದಿಲ್ಲ. ಒಂದು ದಿನ ಮೊಮ್ಮಗಳ ಕೈಗೆ ‘ಅಮ್ಮಚ್ಚೀಸ್ ಗ್ಲಾಸಸ್’ ಸಿಕ್ಕಿತು. ಪ್ರಿಯಾ ಕುರಿಯನ್ ಮಾಡಿದ್ದು, ಇದೂ ತೂಲಿಕಾದ್ದೇ. ಅಮ್ಮಚ್ಚಿ ಅಂದರೆ ಅಜ್ಜಿ. ಹೆಸರು ಇಂಗ್ಲಿಷ್ ಅಂತ ಹೆದರಬೇಡಿ. ಒಳಗೆ ಕಥೆಗೆ ಮಾತೇ ಇಲ್ಲ, ಬರೀ ಚಿತ್ರ. ಬೆಳಿಗ್ಗೆ ಎದ್ದ ಅಜ್ಜಿಗೆ ಕನ್ನಡಕ ಸಿಗುವುದಿಲ್ಲ. ಅಲ್ಲಿಂದ ಮನೆಯೆಲ್ಲ ರಾದ್ಧಾಂತ. ಮೊಮ್ಮಗಳು ಸೀದಾ ಅಜ್ಜಿಯ ತೊಡೆಯ ಮೇಲೆ ಇಟ್ಟು, “ನೀನೇ ಓದಜ್ಜಿ” ಅಂದಳು. ಅಜ್ಜಿ ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ಶುರು ಮಾಡಿದರು ನೋಡಿ, ಮುಕ್ಕಾಲು ಗಂಟೆ! “ಅಯ್ಯೋ, ಇವಳಿಗೂ ನನ್ನ ಹಂಗೇ ಕಣೆ, ಕಣ್ಣಿಲ್ಲ” ಅಂತ ಮೊದಲ ಮಾತು. ಪಾತ್ರೆ, ಬೆಕ್ಕು, ಬಾಗಿಲು, ಒಂದನ್ನೂ ಬಿಡಲಿಲ್ಲ. ಮಧ್ಯೆ ತಮ್ಮ ಅತ್ತೆಯ ಕಥೆಯೂ ಬಂದು ಸೇರಿತು. ಈಗ ಆ ಪುಸ್ತಕಕ್ಕೆ ನಮ್ಮಲ್ಲಿ ಸರದಿ ಇದೆ. ಅದನ್ನು ಓದಿ ಹೇಳುವ ಕೆಲಸ ಅಜ್ಜಿಯದೇ, ನನಗೆ ಬಿಟ್ಟುಕೊಟ್ಟಿಲ್ಲ.

ಸ್ವಲ್ಪ ದೊಡ್ಡ ಮಕ್ಕಳ ಅಪ್ಪ ಅಮ್ಮಂದಿರದು ಬೇರೆ ದೂರು. “ಬರೀ ಬೊಂಬೆ ನೋಡ್ತಾನೆ ಮಿಸ್, ಓದೋದೇ ಇಲ್ಲ.” ಹೀಗೆ ಹೇಳುವ ಎಷ್ಟೋ ಜನ ಅಮರ ಚಿತ್ರಕಥೆ ಓದಿ ಬೆಳೆದವರೇ! ಅದು ಶುರುವಾಗಿದ್ದು ಕನ್ನಡದಲ್ಲಿ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 1965ರಲ್ಲಿ ಬೆಂಗಳೂರಿನ ಐಬಿಎಚ್, ಅಂದರೆ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಕನ್ನಡದಲ್ಲಿ ತಂದರು. ಮೊದಲ ಹತ್ತು ಹೊರದೇಶದ ಕಥೆಗಳು. ಅದಕ್ಕೇ ಇಂಗ್ಲಿಷಿನಲ್ಲಿ ‘ಕೃಷ್ಣ’ ಬಂದಾಗ ಅದರ ಸಂಖ್ಯೆ 11.

ಉದ್ದದ ಕಥೆಯನ್ನು ಚಿತ್ರಗಳಲ್ಲೇ ಹೇಳುವ ಗ್ರಾಫಿಕ್ ಕಾದಂಬರಿ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಚಿತ್ರದ ಎರಡು ಚೌಕಗಳ ನಡುವೆ ಒಂದು ಬಿಳಿ ಸಂದು ಇರುತ್ತದೆ, ಅಲ್ವಾ? ಈ ಚೌಕದಲ್ಲಿ ಕೈ ಎತ್ತಿದ್ದಾನೆ, ಮುಂದಿನದರಲ್ಲಿ ಗಾಜು ಒಡೆದಿದೆ. ಕಲ್ಲು ಹಾರಿದ್ದು ಆ ಸಂದಿನಲ್ಲಿ. ಅದನ್ನು ಯಾರೂ ಬರೆದಿಲ್ಲ, ಮಗುವೇ ತುಂಬಿಕೊಳ್ಳಬೇಕು. ಇದು ಓದು ಅಲ್ಲದಿದ್ದರೆ ಇನ್ಯಾವುದು ಓದು?

ಎರಡೇ ಎರಡು ಹೇಳುತ್ತೇನೆ. ಎರಡೂ ನಿನ್ನೆ ಮೊನ್ನೆ ಬಂದವಲ್ಲ. ಆದರೂ ನಮ್ಮ ಊರುಗಳಿಗೆ ಇನ್ನೂ ಹೊಸವು.

ಮೊದಲನೆಯದು ಆಸ್ಟ್ರೇಲಿಯಾದ ಶಾನ್ ಟ್ಯಾನ್ ಅವರ ‘ದಿ ಅರೈವಲ್’, 2006ರದ್ದು. ಇದರಲ್ಲೂ ಮಾತಿಲ್ಲ. ಒಬ್ಬ ಮನುಷ್ಯ ಹೆಂಡತಿ, ಮಗಳನ್ನು ಬಿಟ್ಟು ದುಡಿಯಲು ದೂರದ ಪಟ್ಟಣಕ್ಕೆ ಹೋಗುತ್ತಾನೆ. ಅಲ್ಲಿನ ಪ್ರಾಣಿ, ಹಣ್ಣು, ಊಟ, ಯಾವುದೂ ಅವನು ಕಂಡದ್ದಲ್ಲ. ಬೋರ್ಡಿನ ಮೇಲಿನ ಅಕ್ಷರ ಕೂಡ ಯಾವ ಭಾಷೆಯದೂ ಅಲ್ಲ, ಬರೆದವರೇ ಕಟ್ಟಿದ್ದು. ಅವನಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಬೆಲೆ ಜಾಸ್ತಿ, ನನ್ನ ಮಗಳು ಬೆಂಗಳೂರಿನಿಂದ ತಂದುಕೊಟ್ಟಳು.

ಹತ್ತಿರದ ಎಸ್ಟೇಟಿನ ಕೆಲಸದವರ ಲೈನ್ ಮನೆಯಿಂದ ಒಬ್ಬ ಹುಡುಗಿ ಬರುತ್ತಾಳೆ. ಅಪ್ಪ ಅಮ್ಮ ಅಸ್ಸಾಮಿನವರು. ಆಗ ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಬೇರೆ ಪುಸ್ತಕ ತೆರೆದರೆ ಹಿಂದೆ ಸರಿದು ಕೂರುತ್ತಿದ್ದಳು. ಇದನ್ನು ತೆರೆದ ದಿನ ಯಾರಿಗೂ ಓದಲು ಬರಲಿಲ್ಲ, ನನ್ನನ್ನೂ ಸೇರಿಸಿ. ಮನುಷ್ಯ ಪೆಟ್ಟಿಗೆ ಕಟ್ಟಿ ಹೊರಡುವ ಪುಟಕ್ಕೆ ಬಂದಾಗ ಅವಳು ಮುಂದಕ್ಕೆ ಬಂದಳು. “ಟ್ರೈನ್” ಅಂದಳು. ಮೂರು ಬೆರಳು ತೋರಿಸಿದಳು. ಮೂರು ಜನವಾ, ಮೂರು ಟ್ರೈನಾ ಅಂತ ಇವರೆಲ್ಲ ಚರ್ಚೆ ಮಾಡಿದರು. ಮೂರು ದಿನ ಅಂತ ಬಗೆಹರಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಇನ್ನೊಂದು ‘ಭೀಮಾಯನ’, ನವಯಾನ ಪ್ರಕಾಶನದ್ದು, 2011ರಲ್ಲಿ ಬಂತು. ಅಂಬೇಡ್ಕರ್ ಅವರು ಅನುಭವಿಸಿದ ಅಸ್ಪೃಶ್ಯತೆಯ ಕಥೆ. ಹೈಸ್ಕೂಲ್ ಮಕ್ಕಳಿಗೆ ಸರಿಯಾಗುತ್ತದೆ. ಚಿತ್ರ ಬರೆದವರು ಮಧ್ಯಪ್ರದೇಶದ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಮಾತಿನ ಗುಳ್ಳೆಗಳನ್ನು ನೋಡಿ. ಒಳ್ಳೆಯವರ ಮಾತಿಗೆ ಹಕ್ಕಿಯ ಆಕಾರ. ಮನಸ್ಸು ಕುಟುಕುವ ಮಾತಿಗೆ ಚೇಳಿನ ಕೊಂಡಿ. ಸ್ಕೂಲಿನಲ್ಲಿ ಹುಡುಗ ನೀರು ಕೇಳುವ ಜಾಗದಲ್ಲಿ ನಮ್ಮ ಒಂಬತ್ತನೇ ಕ್ಲಾಸಿನವನೊಬ್ಬ ಮಾತು ಓದುವ ಮೊದಲೇ “ಇವನು ಬೈತಾನೆ” ಅಂದ. ಕೊಂಡಿ ಕಂಡಿತ್ತು. ಭಾಷೆ ಇಂಗ್ಲಿಷ್, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಎರಡು ಭಾನುವಾರ ಹಿಡಿಯಿತು.

ಈ ಪುಸ್ತಕದಲ್ಲಿ ಚೌಕಗಳಿಲ್ಲ. ಪಾತ್ರಗಳನ್ನು ಡಬ್ಬಿಯೊಳಗೆ ಕೂಡಿಹಾಕಲು ಕಲಾವಿದರಿಗೆ ಇಷ್ಟವಿರಲಿಲ್ಲವಂತೆ. ಹಾಗಾಗಿ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ನಾನು ತಡಕಾಡಿದೆ. ಮಕ್ಕಳು ತಡಕಾಡಲಿಲ್ಲ. ಅದಕ್ಕೊಂದು ಕಾರಣವಿದೆ ಅಂತ ನನ್ನ ಅನುಮಾನ. ಅದಕ್ಕೆ ಹಿಂದೆ ಅವರನ್ನು ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಕರೆದುಕೊಂಡು ಹೋಗಿದ್ದೆ. 1196ರ ಹೊಯ್ಸಳರ ಗುಡಿ. ಹೊರಗೋಡೆಯಲ್ಲಿ 140 ಕಲ್ಲಿನ ಚಿತ್ರಗಳು ಸಾಲಾಗಿವೆ. ದಕ್ಷಿಣದ 70ರಲ್ಲಿ ರಾಮಾಯಣ. ಉತ್ತರದಲ್ಲಿ 25 ಕೃಷ್ಣನ ಕಥೆ, 45 ಮಹಾಭಾರತ. ಉತ್ತರದ ಕಥೆಗಳು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ, ರಾಮಾಯಣ ಮಾತ್ರ ಉಲ್ಟಾ. ಗೋಡೆಗೆ ಮುಖ ಮಾಡಿ ನಿಂತರೆ ರಾಮಾಯಣ ಕನ್ನಡ ಅಕ್ಷರದ ಹಾಗೆ ಎಡದಿಂದ ಬಲಕ್ಕೆ ಓಡುತ್ತದೆ, ಮಹಾಭಾರತ ಬಲದಿಂದ ಎಡಕ್ಕೆ. ಮಕ್ಕಳು ಮಧ್ಯಾಹ್ನವೆಲ್ಲ ಗುಡಿ ಸುತ್ತ ಆ ಕಡೆ ಈ ಕಡೆ ಓಡಿದರು. ಅಲ್ಲೇ ಕವಿ ಜನ್ನ ಬರೆದ ಶಾಸನವೂ ಇದೆ. ಅದರ ಮುಂದೆ ಒಂದು ನಿಮಿಷವೂ ನಿಲ್ಲಲಿಲ್ಲ, ಬಿಡಿ.

ದುಡ್ಡಿನ ಮಾತಿಗೆ ಬರುತ್ತೇನೆ. ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ‘ಸ್ಟೋರಿವೀವರ್’ ಅನ್ನುವ ತಾಣ ತೆರೆಯಿತು. ಕನ್ನಡದ ಚಿತ್ರಕಥೆಗಳು ಅಲ್ಲಿ ಬೇಕಾದಷ್ಟಿವೆ, ಎಲ್ಲ ಉಚಿತ. ಓದು ಈಗಷ್ಟೇ ಶುರು ಮಾಡಿದವರಿಗೆ ಒಂದನೇ ಹಂತ, ಸರಾಗವಾಗಿ ಓದುವವರಿಗೆ ನಾಲ್ಕನೇ ಹಂತ. ಮೊಬೈಲಿನಲ್ಲಿ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಬಹುದು. ನಾನು ಮಾಡುವುದೂ ಅದನ್ನೇ. ರಾಜೀವ್ ಐಪ್ ಅವರ ಇನ್ನೊಬ್ಬಳು ಅಮ್ಮಚ್ಚಿಯನ್ನು ಅಲ್ಲಿ ಹುಡುಕಿ. ಮೊಮ್ಮಗನ ಜೊತೆ ಸೇರಿ, ರಾಟೆ, ಸನ್ನೆಕೋಲು ಹೂಡಿ ತೆಂಗಿನಕಾಯಿ ಬರ್ಫಿ ಮಾಡುತ್ತಾಳೆ. ತೋಟದ ಮಕ್ಕಳಿಗೆ ಹೇಳಿ ಮಾಡಿಸಿದ ಪುಸ್ತಕ.

ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನೂ ಮರೆಯಬೇಡಿ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಒಂದು ಕಡೆ ಮಾತ್ರ ನಾನು ನೋಡಿದ್ದು, ಚಿತ್ರಪುಸ್ತಕಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮಕ್ಕಳು ಹರಿದುಬಿಡುತ್ತಾರಂತೆ. ಹರಿಯಲಿ. ಹರಿದ ಪುಸ್ತಕಕ್ಕೆ ಗೋಂದು ಹಚ್ಚಬಹುದು. ಕೊನೆಯ ಪುಟದಲ್ಲಿ ‘ನೀತಿ’ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಬಸ್ ಸ್ಟ್ಯಾಂಡಿನ ಪುಸ್ತಕಗಳಿವೆಯಲ್ಲ, ಬೀಗ ಹಾಕುವುದಾದರೆ ಅವಕ್ಕೆ ಹಾಕಬಹುದು!

ಹೇಳುವುದು ಮರೆತೆ. ಕಾಲರ್ ಕೇಳಿದ ಹುಡುಗ ಆ ಪುಸ್ತಕ ಮನೆಗೆ ತೆಗೆದುಕೊಂಡು ಹೋದ. ಎರಡು ವಾರದ ಮೇಲೆ ವಾಪಸ್ ಬಂತು. ತೆರೆದು ನೋಡಿದರೆ, ಗಜಪತಿಯ ಕುತ್ತಿಗೆಗೆ ಎಲ್ಲ ಪುಟದಲ್ಲೂ ನೀಲಿ ಬಾಲ್‌ಪೆನ್ನಿನ ಕಾಲರ್. ಸೀನುವ ಪುಟದಲ್ಲಿ ಮಾತ್ರ ಕಾಲರ್ ಇಲ್ಲ. ಯಾಕೋ ಅಂದೆ.

“ಹಾರಿಹೋಯ್ತು ಟೀಚರ್” ಅಂದ.

ನಮಸ್ಕಾರ.