ಬಾಯಿ ಬಿಡಬೇಡ

ಕೇಳುಗರಿಗೆ ನಮಸ್ಕಾರ.

ನನ್ನ ಮುಂದಿನ ಎರಡು ಹಾಲುಹಲ್ಲು ಬಿದ್ದಿದ್ದ ವಾರ. ಅಪ್ಪ ಮಡಿಕೇರಿಯಲ್ಲಿ ಆಸ್ಪತ್ರೆಗೆ ಸೇರಿದ್ದರು. ಅವ್ವ ನನ್ನನ್ನು ಕರೆದುಕೊಂಡು ಸೋಮವಾರಪೇಟೆಯಲ್ಲಿ ಬಸ್ಸು ಹತ್ತಿದಳು. ಖಾಸಗಿ ಬಸ್ಸು. ಶಾಲೆಗೆ ಹೋಗುವ ಮಗುವಿಗೆ ಅರ್ಧ ಟಿಕೆಟ್, ಶಾಲೆ ಸೇರದ ಮಗುವಿಗೆ ಟಿಕೆಟ್ಟೇ ಇಲ್ಲ. ಆ ಕಂಡಕ್ಟರ್ ಲೆಕ್ಕ ಅಷ್ಟೇ. ನಾನು ಒಂದನೇ ಕ್ಲಾಸು ಸೇರಿ ಆರು ತಿಂಗಳಾಗಿತ್ತು.

ಹತ್ತುವ ಮೊದಲೇ ಅವ್ವ ಕಿವಿಯಲ್ಲಿ ಹೇಳಿದ್ದಳು, "ಕೇಳಿದ್ರೆ ನಾನು ಹೇಳ್ತೀನಿ. ನೀನು ಬಾಯಿ ಬಿಡಬೇಡ."

ವಯಸ್ಸನ್ನು ಅವ್ವ ನೋಡಿಕೊಂಡಳು. "ನಾಲ್ಕೂವರೆ ಅಣ್ಣ, ತೊಡೆ ಮೇಲೆ ಕೂರಿಸ್ಕೋತೀನಿ" ಅಂದಳು. ಆದರೆ ಹಲ್ಲು? ಆ ಸಂದಿ ಕಂಡರೆ ಸಾಕು, ಮಗುವಿಗೆ ಆರು ತುಂಬಿದೆ ಅಂತ ಯಾರಾದರೂ ಹೇಳಿಬಿಡುತ್ತಾರೆ. ನಾನು ತುಟಿ ಬಿಗಿಹಿಡಿದು ಕೂತೆ.

ಐಗೂರಿನಲ್ಲಿ ಒಬ್ಬ ಅಜ್ಜಿ ಕಿತ್ತಳೆ ಬುಟ್ಟಿ ಹೊತ್ತು ಹತ್ತಿದರು. ನಮ್ಮ ಪಕ್ಕದಲ್ಲೇ ಕೂತರು. ಒಂದು ಹಣ್ಣು ಸುಲಿದು ನನ್ನ ಕೈಗಿಟ್ಟರು. "ತಿನ್ನು ಪುಟ್ಟಿ." ತಿನ್ನಬೇಕಾದರೆ ಬಾಯಿ ತೆಗೆಯಬೇಕಲ್ವಾ? ಹಣ್ಣನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡೆ. ಮಾದಾಪುರ ಬಂತು. ಹಟ್ಟಿಹೊಳೆ ಬಂತು. ತಿರುವು ಬಂದಾಗೆಲ್ಲ ಮುಷ್ಟಿ ಬಿಗಿಯಾಗುತ್ತಿತ್ತು. ರಸ ಮೊಣಕೈವರೆಗೆ ಇಳಿಯಿತು.

ಮುಂದಿನದು ಆಮೇಲೆ ಹೇಳುತ್ತೇನೆ.

ದೊಡ್ಡವಳಾಗಿ ನಾನು ಶಾಲೆಯ ಮೇಡಂ ಆದೆ. ಅಲ್ಲಿ ಇದೇ ಸುಳ್ಳು ತಲೆಕೆಳಗಾಗಿ ಬರುತ್ತಿತ್ತು. ಬಸ್ಸಿನಲ್ಲಿ ಒಂದು ವರ್ಷ ಇಳಿಸಿದವರೇ ಶಾಲೆ ಬಾಗಿಲಲ್ಲಿ ಒಂದು ವರ್ಷ ಏರಿಸುತ್ತಿದ್ದರು. ಕಾಫಿ ಕೊಯ್ಲಿನ ಕಾಲದಲ್ಲಿ ಗಂಡ ಹೆಂಡತಿ ಇಬ್ಬರೂ ತೋಟದಲ್ಲಿ. ಮಗುವನ್ನು ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ, ಒಂಟಿಯಾಗಿ ಬಿಡುವುದು ಹೇಗೆ? ಹುಟ್ಟಿದ ದಾಖಲೆ ಎಷ್ಟೋ ಜನರ ಹತ್ತಿರ ಇರುತ್ತಿರಲಿಲ್ಲ. ಆಗ ಹೆಡ್ ಮಾಸ್ಟರ್ ಪರೀಕ್ಷೆ ಒಂದೇ. ಬಲಗೈಯನ್ನು ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು. ಮುಟ್ಟಿದರೆ ಆರು ವರ್ಷ, ಇಲ್ಲದಿದ್ದರೆ ಮುಂದಿನ ವರ್ಷ ಬಾ. ಉದ್ದ ಕೈಯ ಮಕ್ಕಳು ಗೆದ್ದುಬಿಡುತ್ತಿದ್ದರು. ಆಮೇಲೆ ಪುಸ್ತಕದಲ್ಲಿ ಜೂನ್ 1 ಅಂತ ಬರೆಯುತ್ತಿದ್ದರು. ನಮ್ಮ ಹಳೆಯ ದಾಖಲಾತಿ ಪುಸ್ತಕ ತೆಗೆದರೆ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ನನ್ನದೂ ಅದೇ ತಾರೀಖು ಬಿಡಿ.

ಈಗ ಆಧಾರ್ ಇದೆ, ಜನನ ಪ್ರಮಾಣಪತ್ರ ಇದೆ. ಆದರೂ ಬಸ್ಸಿನಲ್ಲಿ ಅದನ್ನು ತೆಗೆದು ತೋರಿಸುವವರು ಯಾರು? ಸರ್ಕಾರಿ ಬಸ್ಸಿನಲ್ಲಿ ಆರರ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆರರಿಂದ ಹನ್ನೆರಡರವರೆಗೆ ಅರ್ಧ. ರೈಲಿನಲ್ಲಿ ಗೆರೆ ಐದಕ್ಕೇ ಬೀಳುತ್ತದೆ. ನಮ್ಮ ಜಿಲ್ಲೆಯಲ್ಲಿ ರೈಲು ಇಲ್ಲ, ಹತ್ತಬೇಕಾದರೆ ಮೈಸೂರಿಗೋ ಎಲ್ಲಿಗೋ ಹೋಗಬೇಕು. ಐದು ತುಂಬಿದ ಮಗುವಿಗೆ ಬೇರೆ ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ಟಿಕೆಟ್ ಹಣವೇ ಕೊಡಬೇಕು. ಅರ್ಧ ಅನ್ನುವುದು ಬರ್ತ್ ಬೇಡವೆಂದರೆ ಮಾತ್ರ.

ನನ್ನ ಹತ್ತಿರ ಓದಿದ ಹುಡುಗನೊಬ್ಬ ಈಗ ಕಂಡಕ್ಟರ್. ಮೊನ್ನೆ ಬಸ್ಸಿನಲ್ಲಿ ಸಿಕ್ಕಿದ್ದ. "ಮೇಡಂ, ನಾನು ವಯಸ್ಸು ಕೇಳೋದೇ ಇಲ್ಲ. ಯಾವ ಕ್ಲಾಸು ಪುಟ್ಟಾ ಅಂತೀನಿ. ಅಮ್ಮ ಬಾಯಿ ತೆಗೆಯೋ ಮೊದಲೇ ಮಗು ಹೇಳಿರುತ್ತೆ" ಅಂದ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಹಾಗಾಗಿ ಈಗ ವಯಸ್ಸು ಕಮ್ಮಿಯಾಗುವುದು ಗಂಡುಮಕ್ಕಳಿಗೆ ಮಾತ್ರ ಅಂತ ನಕ್ಕ. ಆಮೇಲೆ ಸ್ವಲ್ಪ ಸುಮ್ಮನಿದ್ದು ಹೇಳಿದ, "ಚೆಕಿಂಗ್‌ನವರು ಹತ್ತಿದ್ರೆ ಮೆಮೋ ನನ್ನ ಹೆಸರಿಗೆ ಮೇಡಂ. ದುಡ್ಡು ಉಳಿಸಿದೋರು ಇಳಿದು ಹೋಗಿರ್ತಾರೆ."

ಇನ್ನೊಂದು ಕತೆ ನನ್ನ ತಂಗಿಯದು. ಪೊನ್ನಂಪೇಟೆ ಕಡೆ ಅವಳದು ಎರಡು ರೂಮಿನ ಹೋಂಸ್ಟೇ. ಐದರೊಳಗಿನ ಮಕ್ಕಳಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಕಳೆದ ಮಳೆಗಾಲ ಒಬ್ಬರು ಫೋನಿನಲ್ಲಿ, ಮಗನಿಗೆ ಇನ್ನೂ ಐದಾಗಿಲ್ಲ ಅಂದಿದ್ದರು. ದೊಡ್ಡ ಕಾರಿನಲ್ಲಿ ಬಂದರು. ಮಗ ಬೆಳಿಗ್ಗೆ ನಾಲ್ಕು ಅಕ್ಕಿರೊಟ್ಟಿ ತಿಂದು, ತಂಗಿಗೆ ಏಳರ ಮಗ್ಗಿ ಒಪ್ಪಿಸಿದ! ರೊಟ್ಟಿಗೆ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ತಿನ್ನುವ ಮಕ್ಕಳನ್ನು ಕಂಡರೆ ಅವಳಿಗೆ ಖುಷಿಯೇ.

ಅಲ್ಲಿಂದ ಅವರು ಬರಪೊಳೆ ನದಿಗೆ ಹೋದರು, ರಾಫ್ಟಿಂಗ್‌ಗೆ, ರಭಸದ ನೀರಿನಲ್ಲಿ ರಬ್ಬರ್ ದೋಣಿ ಸವಾರಿಗೆ. ಚಿಕ್ಕ ಮಕ್ಕಳನ್ನು ಹತ್ತಿಸುವುದಿಲ್ಲ ಅಂದಾಗ ಅಪ್ಪ ಏನೆಂದರು ಗೊತ್ತಾ? ದೊಡ್ಡವನೇ, ಸಣ್ಣ ಆಳು ಅಷ್ಟೇ ಅಂದರಂತೆ. ರಾತ್ರಿ ಐದಾಗದವನು ಬೆಳಗಾಗುವಷ್ಟರಲ್ಲಿ ದೊಡ್ಡವನಾಗಿದ್ದ. ಲೈಫ್ ಜಾಕೆಟ್ ತೊಡಿಸಿ ನೋಡಿದರೆ ಅದು ಮಂಡಿವರೆಗೆ ಬಂತು. ಹತ್ತಿಸಲಿಲ್ಲ. ಅಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಹುಡುಗ ಸಂಜೆ ಬಂದು ಇದನ್ನೆಲ್ಲ ಹೇಳಿದ. "ನಿನಗೆಷ್ಟು ವಯಸ್ಸು ಅಂತ ಕೇಳಿದೆ ಅಕ್ಕಾ. ಆ ಮಗು ಅಪ್ಪನ ಮುಖ ನೋಡ್ತು" ಅಂದ.

ಈ ಅಪ್ಪನನ್ನೂ ನಮ್ಮವ್ವನನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸಿಲ್ಲ. ಅವ್ವನ ಸೆರಗಿನ ಗಂಟಿನಲ್ಲಿದ್ದದ್ದು ಹೋಗಿ ಬರುವ ದುಡ್ಡು, ಅದರ ಮೇಲೆ ಅಪ್ಪನಿಗೊಂದು ಬ್ರೆಡ್ಡಿನ ದುಡ್ಡು. ಅಷ್ಟೇ. ಅವಳನ್ನು ಬೈಯುವವರಿದ್ದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಆದರೂ ಆ ಹುಡುಗ ಅಪ್ಪನ ಮುಖ ನೋಡಿದ ಅಂತ ಕೇಳಿದಾಗ ನನ್ನ ಮೊಣಕೈ ಅಂಟಂಟಾದ ಹಾಗಾಯಿತು. ಹೊರಲಾರದ್ದನ್ನು ಹೊತ್ತುಕೊಂಡ ಮಗುವಿಗೆ ದುಡ್ಡಿದ್ದವರ ಸುಳ್ಳು, ಇಲ್ಲದವರ ಸುಳ್ಳು ಅಂತ ಬೇರೆ ಬೇರೆ ತೂಕ ಗೊತ್ತಾಗುತ್ತದೆಯೇ?

ಮಕ್ಕಂದೂರಿನ ಹತ್ತಿರ ಅವ್ವ ನನ್ನ ಕೈ ನೋಡಿದಳು. ಲಂಗದ ಮೇಲೆಲ್ಲ ರಸ. "ಯಾಕೆ ತಿಂದಿಲ್ಲ?" ಅಂದಳು. ನಾನು ಬಾಯಿ ಬಿಡಲಿಲ್ಲ. ತುಟಿಯನ್ನು ಇನ್ನಷ್ಟು ಒತ್ತಿಹಿಡಿದು ಕಂಡಕ್ಟರ್ ಕಡೆ ಕಣ್ಣು ತೋರಿಸಿದೆ.

ಅವ್ವ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು.

"ಅಣ್ಣಾ, ಮಗೂಗೆ ಅರ್ಧ ಟಿಕೆಟ್ ಕೊಡಿ. ಸೋಮವಾರಪೇಟೆಯಿಂದ."

ಅವರು ಏನೂ ಕೇಳಲಿಲ್ಲ. ಹರಿದು ಕೊಟ್ಟರು. ಆ ದಿನ ಅಪ್ಪನಿಗೆ ಬ್ರೆಡ್ಡು ಹೋಗಲಿಲ್ಲ, ಅಜ್ಜಿ ಬುಟ್ಟಿಯಿಂದ ತೆಗೆದುಕೊಟ್ಟ ಎರಡು ಕಿತ್ತಳೆ ಹೋಯಿತು.

"ಈಗ ತಿನ್ನು" ಅಂದಳು ಅವ್ವ.

ಮುಷ್ಟಿ ಬಿಚ್ಚಿದೆ. ನಾರು, ಬೀಜ ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಅದನ್ನೇ ಬಾಯಿಗೆ ಹಾಕಿಕೊಂಡೆ.