ಪೆನಿಸಿಲಿನ್ ಹೆಚ್ಚುವ ಈಳಿಗೆ

ಕೇಳುಗರಿಗೆ ನಮಸ್ಕಾರ. ಪಿಂಪ್ರಿ ಅಂದರೆ ಪುಣೆಯಲ್ಲಿರುವ ಈಗಿನ ಕನ್ನಡದ ಹುಡುಗರಿಗೆ ಮೆಟ್ರೋ, ಟ್ರಾಫಿಕ್, ಅಷ್ಟೇ. ಸ್ವಲ್ಪ ವಯಸ್ಸಾದವರನ್ನು ಕೇಳಿ, ಪೆನಿಸಿಲಿನ್ ಕಾರ್ಖಾನೆ ಅನ್ನುತ್ತಾರೆ. 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಶುರುವಾದದ್ದು ಅಲ್ಲೇ. ನಾನು ಇವತ್ತು ಹೇಳುವುದು ಆ ಪೆನಿಸಿಲಿನ್ನನ್ನು ತುಂಡು ಮಾಡುವ ಪೆನಿಸಿಲಿನ್ ಅಸೈಲೇಸ್ ಎಂಬ ಎಂಜೈಮಿನ ಕಥೆ. ಪುಸ್ತಕದಲ್ಲಿ ಕಿಣ್ವ ಅಂತಾರೆ, ಲ್ಯಾಬಿನಲ್ಲಿ ನಾವು ಯಾರೂ ಹಾಗೆ ಕರೆದವರಲ್ಲ.

ಔಷಧಿಯನ್ನು ಯಾಕಪ್ಪಾ ತುಂಡು ಮಾಡಬೇಕು? ಬದನೆಕಾಯಿ ನೆನೆಸಿಕೊಳ್ಳಿ. ತೊಟ್ಟು ತೆಗೆಯುವುದು ಬೇರೆ, ಹೊಟ್ಟೆ ಸೀಳುವುದು ಬೇರೆ ಅಲ್ವಾ? ಪೆನಿಸಿಲಿನ್‌ನ ಹೊಟ್ಟೆಯಲ್ಲಿ ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರ ಇದೆ, ಅದರ ಶಕ್ತಿಯೆಲ್ಲ ಅಲ್ಲೇ. ಬೀಟಾ ಲ್ಯಾಕ್ಟಮೇಸ್ ಎನ್ನುವ ಎಂಜೈಮ್ ಇರುವ ಬ್ಯಾಕ್ಟೀರಿಯಾ ಈ ಉಂಗುರವನ್ನೇ ಒಡೆದುಹಾಕುತ್ತದೆ. ಮತ್ತೆ ಮಾತ್ರೆ ನುಂಗಿ ಏನು ಪ್ರಯೋಜನ? ಆದರೆ ಪೆನಿಸಿಲಿನ್ ಅಸೈಲೇಸ್ ಉಂಗುರದ ತಂಟೆಗೇ ಹೋಗುವುದಿಲ್ಲ, ತೊಟ್ಟನ್ನು ಮಾತ್ರ ಕತ್ತರಿಸುತ್ತದೆ, ಉಳಿದ ತುಂಡಿಗೆ ಬೇರೆ ತೊಟ್ಟು ಜೋಡಿಸಿದರೆ ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲಿರುವ ಅಮಾಕ್ಸಿಸಿಲಿನ್ ಸಿದ್ಧ. ಹಿಂದೆ ಇದೇ ಕೆಲಸವನ್ನು ಘಾಟು ರಾಸಾಯನಿಕಗಳಿಂದ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಮಾಡುತ್ತಿದ್ದರು. ಎಂಜೈಮಿಗೆ ಉಗುರು ಬೆಚ್ಚಗಿನ ನೀರು ಸಾಕು.

ಕೆಲಸ ಏನು ಅಂತ ಗೊತ್ತಾಯಿತು. ಹೇಗೆ ಅಂತ ತಿಳಿಯಬೇಕಾದರೆ ಅದರ ಆಕಾರ ನೋಡಬೇಕು, ನೋಡಬೇಕಾದರೆ ಅದು ಹರಳು ಕಟ್ಟಬೇಕು. ಇಲ್ಲೇ ನೋಡಿ ತಲೆನೋವು. ಕಲ್ಲುಸಕ್ಕರೆಯ ಹಾಗೆ ಸುಮ್ನೆ ದಾರ ಇಳಿಬಿಟ್ಟರೆ ಆಗುವುದಲ್ಲ. ಸಾಸಿವೆ ಕಾಳಿನಷ್ಟು ಹನಿಯನ್ನು ಗಾಜಿಗೆ ತಲೆಕೆಳಗಾಗಿ ನೇತುಹಾಕಿ, ಮುಚ್ಚಿಟ್ಟು, ವಾರಗಟ್ಟಲೆ ಕಾಯಬೇಕು. ನಾನು ಹೊಸದಾಗಿ ಸೇರಿದಾಗ ಮೂರು ವಾರ ಕಾದು, ಹರಳು ಬಂತು ಅಂತ ಎಲ್ಲರಿಗೂ ಪೇಢಾ ಹಂಚಿದೆ. ಹಿರಿಯರೊಬ್ಬರು ಬಂದು ಸೂಜಿಯಿಂದ ಚುಚ್ಚಿದರು. ಎಂಜೈಮ್ ಒಂದು ಪ್ರೋಟೀನ್, ಅದರ ಹರಳಾದರೆ ಮೆತ್ತಗೆ ಪುಡಿಯಾಗಬೇಕು. ಇದು ಟಿಕ್ ಅಂತು. ಉಪ್ಪು! ಪೇಢಾ ಮಾತ್ರ ಆಗಲೇ ಖಾಲಿಯಾಗಿತ್ತು.

ನಿಜವಾದ ಹರಳು ಸಿಕ್ಕರೆ ಅದರ ಮೇಲೆ ಎಕ್ಸ್‌ರೇ ಹಾಯಿಸುತ್ತಾರೆ, ಚದುರಿ ಬಿದ್ದ ಸಾವಿರಾರು ಚುಕ್ಕೆಗಳನ್ನು ಅಳೆದು, ಲೆಕ್ಕ ಹಾಕಿ, ಯಾವ ಪರಮಾಣು ಎಲ್ಲಿದೆ ಅಂತ ಹುಡುಕುತ್ತಾರೆ. ಚುಕ್ಕೆಗಳಿಂದ ರಂಗೋಲಿ ಬಿಡಿಸಿದ ಹಾಗೆ ಅನ್ನೋಣ, ಆದರೆ ಎಳೆ ಹೇಗೆ ಎಳೆಯಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ಪುಣೆಯ ನಮ್ಮ ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅಂದರೆ ಎನ್‌ಸಿಎಲ್‌ನವರು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಬ್ಯಾಸಿಲಸ್ ಸ್ಫೇರಿಕಸ್ ಎಂಬ ಬ್ಯಾಕ್ಟೀರಿಯಾದ ಪೆನಿಸಿಲಿನ್ ವಿ ಅಸೈಲೇಸಿನ (ವಿ, ಜಿ ಅಂದರೆ ಪೆನಿಸಿಲಿನ್ನಿನ ಎರಡು ಬಗೆ) ರಚನೆಯನ್ನು 1999ರಲ್ಲಿ ಪ್ರಕಟಿಸಿದರು. ಒಂದೇ ತರಹದ ನಾಲ್ಕು ತುಂಡು ಅಂಟಿಕೊಂಡು ಒಂದು ಎಂಜೈಮ್. ಈಳಿಗೆಮಣೆಯ ಅಲಗು ಅಲ್ಲಾಡುವುದಿಲ್ಲ, ತರಕಾರಿಯೇ ಅದರ ಹತ್ತಿರ ಬರಬೇಕು. ಇಲ್ಲೂ ಹಾಗೆಯೇ. ಅಲಗು ಯಾವುದು ಅಂತೀರಾ? ಎಂಜೈಮ್ ಅಂದರೆ ಅಮೈನೋ ಆಮ್ಲಗಳ ಸರಪಳಿ, ಅದರ ಮೊಟ್ಟಮೊದಲ ಕೊಂಡಿ, ಸಿಸ್ಟೀನ್ ಎಂಬ ಅಮೈನೋ ಆಮ್ಲ. ಹುಟ್ಟುವಾಗ ಅದರ ಮುಂದೆ ಇನ್ನೂ ಕೆಲವು ಕೊಂಡಿ ಇರುತ್ತವೆ, ಅವು ಕಳಚಿ ಬಿದ್ದ ಮೇಲೇ ಅಲಗಿಗೆ ಹರಿತ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇನ್ನೊಂದು ಸಂಗತಿ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಪೆನಿಸಿಲಿನ್ ಜಿ ಅಸೈಲೇಸಿನ ರಚನೆ 1995ರಲ್ಲೇ ಗೊತ್ತಾಗಿತ್ತು. ಅಲ್ಲಿ ಅಲಗು ಸಿಸ್ಟೀನ್ ಅಲ್ಲ, ಸೆರೀನ್. ಎರಡರ ಅಮೈನೋ ಆಮ್ಲಗಳ ಸಾಲನ್ನು ಅಕ್ಕಪಕ್ಕ ಬರೆದರೆ ಸಂಬಂಧವೇ ಕಾಣುವುದಿಲ್ಲ, ಆದರೆ ಸರಪಳಿ ಮಡಚಿಕೊಂಡ ರೀತಿ ನೋಡಿದರೆ ಅಣ್ಣತಮ್ಮಂದಿರು. ಸ್ಫೇರಿಕಸ್ ಎಂಜೈಮಿನ ಇನ್ನೂ ಹತ್ತಿರದ ನೆಂಟ ಇರುವುದು ನಮ್ಮ ಕರುಳಿನ ಬ್ಯಾಕ್ಟೀರಿಯಾದಲ್ಲಿ, ಅದು ಕತ್ತರಿಸುವುದು ಪಿತ್ತದ ಲವಣವನ್ನು. ಬೆಳಿಗ್ಗೆ ಎಣ್ಣೆ ತೇಲುವ ಮಿಸಳ್ ತಿಂದು ಈ ಮಾತು ಕೇಳುತ್ತಿದ್ದೀರಾ? ಹಾಗಾದರೆ ಆ ಈಳಿಗೆಗೆ ಈಗ ಕೈತುಂಬ ಕೆಲಸ. ನಮಸ್ಕಾರ.