ಲಾರಿ ಆಮೇಲೆ, ಲೈಸೆನ್ಸ್ ಮೊದಲು

ಎಲ್ಲರಿಗೂ ನಮಸ್ಕಾರ. ಕೂತಿರುವವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಅಪ್ಪಂದಿರೂ ಇದ್ದಾರೆ, ಅದು ಒಳ್ಳೆಯದೇ. ಸಾಲಕ್ಕೆ ಜಾಮೀನು ಹಾಕುವವರು ಅವರೇ ಅಲ್ವಾ!

ಸುತ್ತಿ ಬಳಸಿ ಮಾತಾಡುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇರುವ ಹುಡುಗ ಮೊದಲು ಲಾರಿ ಕೊಳ್ಳಲು ಹೋಗಬಾರದು. ಇರುವ ದುಡ್ಡನ್ನು ಲೈಸೆನ್ಸಿಗೆ ಹಾಕಿ. ಒಂದೆರಡು ವರ್ಷ ಬೇರೆಯವರ ಗಾಡಿ ಓಡಿಸಿ. ಅಷ್ಟರಲ್ಲಿ ಬಾಡಿಗೆಯ ಲೆಕ್ಕ ಕಲಿಯಿರಿ. ಗಾಡಿ ಓಡಿಸಲು ಬಂದು ಲೆಕ್ಕ ಬಾರದವನು ಓನರ್ ಆದರೆ ಫೈನಾನ್ಸ್‌ನವರಿಗೆ ದುಡಿಯುತ್ತಾನೆ. ನಮ್ಮ ಮಂಡ್ಯ ಕಡೆ ಇಂಥವರು ಊರಿಗಿಬ್ಬರು ಸಿಗುತ್ತಾರೆ.

ಹಿಂದೆ ಕಲಿಯುವ ದಾರಿ ಸುಲಭವಿತ್ತು. ಕ್ಲೀನರ್ ಆಗಿ ಹತ್ತಿಕೊಂಡರೆ ಸಾಕಿತ್ತು. ಗಾಡಿ ತೊಳೆಯುವುದು, ಟಾರ್ಪಾಲು ಹಾಕುವುದು, ಹಗ್ಗ ಬಿಗಿಯುವುದು, ಸ್ಟೆಪ್ನಿ ಬದಲಿಸುವುದು, ರಿವರ್ಸಿಗೆ ಹಿಂದೆ ನಿಂತು "ಬರ್ಲಿ ಬರ್ಲಿ, ಹೋಲ್ಡ್" ಅಂತ ಕೂಗುವುದು. ಬೈಗುಳ ಜಾಸ್ತಿ, ಸಂಬಳ ಕಡಿಮೆ, ಆದರೆ ಫೀಸು ಕೊಡದೆ ವಿದ್ಯೆ ಸಿಗುತ್ತಿತ್ತು. ಖಾಲಿ ರಸ್ತೆಯಲ್ಲಿ ಡ್ರೈವರಣ್ಣ ಸ್ಟೇರಿಂಗ್ ಕೊಡುತ್ತಿದ್ದ. ಅದು ಕಾನೂನಿಗೆ ಸರಿಯಲ್ಲ, ಆದರೂ ಹಳೇ ಡ್ರೈವರ್‌ಗಳಲ್ಲಿ ಮುಕ್ಕಾಲು ಪಾಲು ಹಾಗೇ ತಯಾರಾದವರು. ಈಗ ಎಷ್ಟೋ ಓನರ್‌ಗಳು ಕ್ಲೀನರ್ ಇಡುವುದೇ ಇಲ್ಲ. ಎರಡನೇ ಆಳಿಗೆ ಬತ್ತಾ, ಅಂದರೆ ದಿನದ ಖರ್ಚಿನ ದುಡ್ಡು, ಕೊಡುವಷ್ಟು ಬಾಡಿಗೆ ಗಿಟ್ಟುವುದಿಲ್ಲ ಅನ್ನುತ್ತಾರೆ. ಡ್ರೈವರ್ ಸಿಗುತ್ತಿಲ್ಲ ಅಂತ ಗೊಣಗುವವರೂ ಅವರೇ. ಕಲಿಸುವ ಸೀಟು ತೆಗೆದರೆ ಡ್ರೈವರ್ ಎಲ್ಲಿಂದ ಬರಬೇಕು?

ಹಾಗಾಗಿ ದಾರಿ ನಾವೇ ಮಾಡಿಕೊಳ್ಳಬೇಕು. ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಹದಿನೆಂಟಕ್ಕೆ ಎಲ್‌ಎಂವಿ ಲೈಸೆನ್ಸ್, ಅಂದರೆ ಕಾರಿನದ್ದು, ಮಾಡಿಸಬಹುದು. ಗೂಡ್ಸ್ ಗಾಡಿ ಓಡಿಸಲು ಇಪ್ಪತ್ತು ತುಂಬಿರಬೇಕು. ದೊಡ್ಡ ಲಾರಿಯ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಬೇಕೆಂದರೆ ಎಲ್‌ಎಂವಿ ಲೈಸೆನ್ಸ್ ಬಂದು ಒಂದು ವರ್ಷ ಆಗಿರಬೇಕು. ಅದಕ್ಕೆ ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು, ಡಾಕ್ಟರ ಸರ್ಟಿಫಿಕೇಟು ಎರಡೂ ಬೇಕು. ಎಂಟನೇ ಕ್ಲಾಸು ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲೇ ತೆಗೆದಿದ್ದಾರೆ. ಸ್ಕೂಲು ಬಿಟ್ಟವನು ಅಂತ ಯಾರಾದರೂ ನಿಮ್ಮನ್ನು ಹೆದರಿಸಿದರೆ ನಂಬಬೇಡಿ.

ಇನ್ನೊಂದು ವಿಷಯ ಎಷ್ಟೋ ಓನರ್‌ಗಳಿಗೇ ಗೊತ್ತಿಲ್ಲ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿತು. ಎಲ್‌ಎಂವಿ ಲೈಸೆನ್ಸ್ ಇದ್ದವನು ಒಟ್ಟು ತೂಕ 7,500 ಕಿಲೋ ಮೀರದ ಗೂಡ್ಸ್ ಗಾಡಿ ಓಡಿಸಬಹುದು, ಬೇರೆ ಒಪ್ಪಿಗೆ ಬೇಡ. ಅಂದರೆ ಟಾಟಾ ಏಸ್, ದೋಸ್ತ್, ಬೊಲೆರೋ ಪಿಕಪ್, 407 ತರಹದ ಗಾಡಿಗಳೆಲ್ಲ ನಿಮ್ಮ ಕೈಗೆ ಬಂದ ಹಾಗೆ. ಒಟ್ಟು ತೂಕ ಎಷ್ಟು ಅಂತ ಓನರ್ ಬಾಯಿಮಾತು ಕೇಳಬೇಡಿ, ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಬರೆದಿರುತ್ತದೆ. ಇದೇ ನಿಮ್ಮ ಮೊದಲ ಮೆಟ್ಟಿಲು. ಹೆವಿ ಲೈಸೆನ್ಸ್ ಬರುವ ತನಕ ಸುಮ್ನೆ ಕೂರುವ ಬದಲು ಸಣ್ಣ ಗಾಡಿಯಲ್ಲಿ ಸಂಬಳ ತೆಗೆದುಕೊಂಡೇ ಕಲಿಯಬಹುದು.

ಆರ್‌ಟಿಓ ಕಚೇರಿಗೆ ಕಟ್ಟುವ ಸರ್ಕಾರಿ ಫೀಸು ದೊಡ್ಡದಲ್ಲ. ಜಾಸ್ತಿ ಹೋಗುವುದು ಡ್ರೈವಿಂಗ್ ಸ್ಕೂಲಿಗೆ, ಆಮೇಲೆ ನಡುವೆ ನಿಲ್ಲುವ ಬ್ರೋಕರ್‌ಗೆ. ಅರ್ಜಿ ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ನೀವೇ ಹಾಕಬಹುದು. ಟೆಸ್ಟ್ ಇಲ್ಲದೆ ಬೇರೆ ರಾಜ್ಯದಿಂದ ಹೆವಿ ಲೈಸೆನ್ಸ್ ತರಿಸಿಕೊಡುತ್ತೇನೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಅಪಘಾತ ಆದ ದಿನ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಲೈಸೆನ್ಸ್. ನಕಲಿ ಅಂತ ಗೊತ್ತಾದರೆ ಪರಿಹಾರದ ದುಡ್ಡಿಗೆ ಓನರ್ ಕುತ್ತಿಗೆ ಹಿಡಿಯುತ್ತಾರೆ, ಓನರ್ ನಿಮ್ಮ ಕುತ್ತಿಗೆ ಹಿಡಿಯುತ್ತಾನೆ.

ಕೆಲಸ ಎಲ್ಲಿ ಹುಡುಕಬೇಕು? ಮದ್ದೂರಿನ ಎಳನೀರು ಮಾರುಕಟ್ಟೆ, ಮಂಡ್ಯ ಎಪಿಎಂಸಿಯ ಬೆಲ್ಲ, ಅಕ್ಕಿ ಗಿರಣಿಗಳು, ಮೈಸೂರಿನ ಬಂಡೀಪಾಳ್ಯ, ನಂಜನಗೂಡು ಮತ್ತು ಕಡಕೊಳದ ಫ್ಯಾಕ್ಟರಿಗಳು. ನಾನು ಹೊಸಬರಿಗೆ ಹೇಳುವುದು ಕಬ್ಬಿನ ಸೀಸನ್. ಕಾರ್ಖಾನೆಗಳು ಅರೆಯಲು ಶುರು ಮಾಡಿದಾಗ ಡ್ರೈವರ್‌ಗಳಿಗೆ ಬೇಡಿಕೆ ಬರುತ್ತದೆ. ದೂರ ಕಡಿಮೆ, ವೇಗ ಕಡಿಮೆ. ಗದ್ದೆ ಬದುವಿನ ಪಕ್ಕ, ನಾಲೆ ಏರಿಯ ಮೇಲೆ ಲೋಡು ಗಾಡಿಯನ್ನು ಹಿಂದಕ್ಕೆ ತೆಗೆಯಲು ಕಲಿತವನಿಗೆ ಬೆಂಗಳೂರಿನ ಯಾವ ಗೋಡೌನೂ ಕಷ್ಟವಾಗುವುದಿಲ್ಲ. ಕಾರ್ಖಾನೆ ಗೇಟಿನಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲಬೇಕು, ಅದೊಂದು ಹಿಂಸೆ ನಿಜ. ಆ ಸಾಲಿನಲ್ಲೇ ಹಳೇ ಡ್ರೈವರ್‌ಗಳು ಪುರುಸೊತ್ತಾಗಿ ಸಿಗುತ್ತಾರೆ. ಟೀ ಕುಡಿಸಿ, ಕೇಳಿ.

ಅವರು ಕಲಿಸುವುದರಲ್ಲಿ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಾರಿಯ ಹಿಂದಿನ ಚಕ್ರಗಳು ಜೋಡಿ ಇರುತ್ತವೆ. ಒಳಗಿನ ಟಯರಿನ ಗಾಳಿ ಹೋದರೂ ಹೊರಗಿನದ್ದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಹಾಗೇ ಓಡಿಸಿದರೆ ಆ ಒಂದು ಟಯರ್ ಕಾದು ಒಡೆಯುತ್ತದೆ. ಅದಕ್ಕೇ ಹೊರಡುವ ಮುಂಚೆ ವೀಲ್ ಸ್ಪ್ಯಾನರ್ ರಾಡು ಹಿಡಿದು ಒಂದೊಂದನ್ನೂ ಬಡಿಯಬೇಕು. ಗಾಳಿ ತುಂಬಿದ್ದರೆ ರಾಡು ಪುಟಿದು ಕೈಗೆ ವಾಪಸ್ ಬರುತ್ತದೆ, ಸದ್ದು ಗಟ್ಟಿಯಾಗಿರುತ್ತದೆ. ಕಡಿಮೆ ಇದ್ದರೆ "ದಪ್" ಅಂತ ಸತ್ತ ಸದ್ದು. ಬಡಿಯುವಾಗ ವೀಲ್ ನಟ್ಟುಗಳನ್ನೂ ನೋಡಿ. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾಗಿರಬಹುದು. ಆಮೇಲೆ ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನಲ್ಲಿ ಸೇರಿದ ನೀರು ಹೊರಗೆ ಬಿಡಿ. ಗೇಜಿನಲ್ಲಿ ಗಾಳಿ ಪೂರ್ತಿ ಏರುವ ತನಕ ಗಾಡಿ ಅಲ್ಲಾಡಿಸಬೇಡಿ. ಇಂಜಿನ್ ಆಫ್ ಮಾಡಿ ಕಿವಿ ಕೊಡಿ, "ಸುಸ್" ಅಂತ ಸೋರುವುದು ಕೇಳಿಸುತ್ತದೆ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಕಾಸು ಖರ್ಚಿಲ್ಲ.

ಘಾಟಿ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುತ್ತೇನೆ ಅನ್ನುವವನ ಹತ್ತಿರ ಪಾಠ ಕಲಿಯಬೇಡಿ. ಬ್ರೇಕ್ ಒತ್ತಿ ಒತ್ತಿ ಡ್ರಮ್ಮು ಕಾದರೆ ಬ್ರೇಕ್ ಹಿಡಿಯುವುದೇ ಇಲ್ಲ.

ಬಂಡೀಪುರದ ಮಾತೂ ಬರಬೇಕು. ಗುಂಡ್ಲುಪೇಟೆಯಿಂದ ಕೇರಳಕ್ಕೆ, ಊಟಿಗೆ ಹೋಗುವ ಎರಡೂ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ತರಕಾರಿ ಲೋಡು ತುಂಬಿಸಲು ತಡ ಮಾಡುವವನು ವ್ಯಾಪಾರಿ, ಗೇಟು ಹಿಡಿಯಲು ಗಾಡಿ ಹಾರಿಸಬೇಕಾದವನು ಡ್ರೈವರ್. ಹಾಗೆ ಹಾರಿಸಬೇಡಿ. ತಡವಾದರೆ ಗುಂಡ್ಲುಪೇಟೆಯಲ್ಲಿ ಮಲಗಿ, ಬೆಳಿಗ್ಗೆ ಹೋಗಿ. ಇದನ್ನು ಲೋಡಾಗುವಾಗಲೇ ಫೋನಿನಲ್ಲಿ ಓನರ್‌ಗೆ ಹೇಳಿಬಿಡಿ.

ಈಗ ಲೆಕ್ಕ. ಮದ್ದೂರಿನಿಂದ ಮುಂಬೈಗೆ ಸಾವಿರ ಕಿಲೋಮೀಟರ್ ಮೇಲಿದೆ. ಹತ್ತು ಚಕ್ರದ ಗಾಡಿ ಲೋಡಿನಲ್ಲಿ ಲೀಟರಿಗೆ ನಾಲ್ಕು ಕೊಟ್ಟಿತು ಅಂತಿಟ್ಟುಕೊಳ್ಳಿ. ಸಾವಿರ ಕಿಲೋಮೀಟರಿಗೇ 250 ಲೀಟರ್ ಡೀಸೆಲ್. ಲೀಟರ್ 90 ರೂಪಾಯಿ ಅಂದರೂ 22,500 ರೂಪಾಯಿ ಹೋಯಿತು. ಅದರ ಮೇಲೆ ಟೋಲು, ಬ್ರೋಕರ್ ಕಮಿಷನ್, ನಿಮ್ಮ ಬತ್ತಾ, ಟಯರ್ ಸವೆತ, ಇನ್ಶೂರೆನ್ಸ್, ಕಂತು. ಇಳಿಸಿದ ಮೇಲೆ ರಿಟರ್ನ್ ಲೋಡು ಸಿಗದೆ ಎರಡು ದಿನ ನಿಂತರೆ ಬಂದ ಲಾಭ ಅಲ್ಲೇ ಕರಗುತ್ತದೆ. ಇದನ್ನೆಲ್ಲ ಓನರ್ ಹೇಳಿಕೊಡುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ಟ್ರಿಪ್ಪಿನ ಬಾಡಿಗೆ, ಡೀಸೆಲ್, ಕಿಲೋಮೀಟರ್, ಹಾಲ್ಟಿಂಗ್ ಬರೆಯಿರಿ. ಬೇರೆಯವರ ಗಾಡಿಯದ್ದೇ ಆದರೂ ಬರೆಯಿರಿ. ಒಂದು ವರ್ಷದ ಪುಸ್ತಕ ಕೈಯಲ್ಲಿದ್ದರೆ ಯಾವ ರೂಟು ಗಿಟ್ಟುತ್ತದೆ, ಯಾವುದು ಗಿಟ್ಟುವುದಿಲ್ಲ ಅಂತ ನಿಮಗೇ ಕಾಣುತ್ತದೆ.

ಓವರ್‌ಲೋಡ್ ಬಗ್ಗೆ ಬಿಡಿಸಿ ಹೇಳುತ್ತೇನೆ, ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 2018ರ ಪರಿಷ್ಕರಣೆಯಲ್ಲಿ ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 18.5 ಟನ್ನಿಗೆ ಏರಿಸಿದರು. ಗಾಡಿಯ ಸ್ವಂತ ತೂಕವೂ ಅದರಲ್ಲೇ ಸೇರಿದೆ. ನಿಮ್ಮ ಗಾಡಿಗೆ ಎಷ್ಟು ಅನ್ನುವುದಕ್ಕೆ ಮತ್ತೆ ಆರ್‌ಸಿಯೇ ಸಾಕ್ಷಿ. ಮೀರಿದರೆ 2019ರ ತಿದ್ದುಪಡಿಯ ಪ್ರಕಾರ ಕೇಂದ್ರ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. "ಏನೂ ಆಗಲ್ಲ, ಹೋಗು ಮಗ" ಅನ್ನುವ ಓನರ್ ತಪಾಸಣೆಯವರು ಹಿಡಿದಾಗ ಫೋನ್ ಎತ್ತುವುದಿಲ್ಲ. ದಂಡ ಯಾರು ಕಟ್ಟಬೇಕು ಅನ್ನುವುದು ಹೊರಡುವ ಮುಂಚೆಯೇ ವಾಟ್ಸಾಪ್‌ನಲ್ಲಿ ಬರಹದಲ್ಲಿರಲಿ. ಕಾಗದಗಳನ್ನೂ ನೋಡಿಕೊಳ್ಳಿ. 50,000 ರೂಪಾಯಿ ಮೀರಿದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿಯ ಆನ್‌ಲೈನ್ ಕಾಗದ, ಬೇಕು, 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅದರ ಅವಧಿ. ಅದರಲ್ಲಿರುವ ಗಾಡಿ ನಂಬರ್ ನಿಮ್ಮದೇನಾ ಅಂತ ಕಣ್ಣಾರೆ ನೋಡಿ.

ಇಷ್ಟೆಲ್ಲ ಆದ ಮೇಲೂ ಸ್ವಂತ ಗಾಡಿ ಬೇಕೇ ಬೇಕು ಅನ್ನಿಸಿದರೆ ಸಣ್ಣದರಿಂದ ಶುರು ಮಾಡಿ. ಒಟ್ಟು ತೂಕ 3,000 ಕಿಲೋ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಿ. ರಾಜ್ಯ ಸರ್ಕಾರದ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಗಾಡಿ ಕೊಳ್ಳಲು ಸಬ್ಸಿಡಿ ಇದೆ. ಆಯಾ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಕರೆಯುವುದು ವರ್ಷಪೂರ್ತಿ ಅಲ್ಲ, ಕಿವಿ ತೆರೆದಿರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ. ಎಫ್‌ಸಿ ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಟ್ಯಾಕ್ಸ್, ಇನ್ಶೂರೆನ್ಸ್, ಬಾಕಿ ಇರುವ ದಂಡದ ವಿವರ, ಸಾಲ ತೀರಿದೆ ಅನ್ನುವ ಹಳೇ ಫೈನಾನ್ಸ್‌ನ ಎನ್‌ಓಸಿ, ಇಷ್ಟೂ ಸಿಗುವ ತನಕ ಅಡ್ವಾನ್ಸ್ ಕೊಡಬೇಡಿ.

ಇನ್ನು ನಿದ್ದೆ. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು, ದಿನಕ್ಕೆ ಎಂಟು ಗಂಟೆ ಕೆಲಸ ಅಂತ 2025ರ ತನಕ ಜಾರಿಯಲ್ಲಿದ್ದ 1961ರ ಕಾಯ್ದೆಯಲ್ಲೇ ಬರೆದಿದ್ದರು. ನಡೆಯುವುದು ಎಷ್ಟರಮಟ್ಟಿಗೆ ಅಂತ ರಾತ್ರಿ ಮೂರು ಗಂಟೆಗೆ ಯಾವುದಾದರೂ ಡಾಬಾದ ಮುಂದೆ ನಿಂತು ನೋಡಿ. ಆ ಹೊತ್ತಿನಲ್ಲಿ ಕಣ್ಣು ಎಳೆದರೆ ಟೀ, ಗುಟ್ಕಾ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಗಾಡಿ ಪಕ್ಕಕ್ಕೆ ಹಾಕಿ ಮಲಗಿ. ರಸ್ತೆ ಮೇಲೆ ಬೇಡ, ಪೆಟ್ರೋಲ್ ಬಂಕಿನ ಒಳಗೆ ಹಾಕಿ.

ಕೊನೆಯದಾಗಿ ಅಪ್ಪಂದಿರು ಕೇಳಿಸಿಕೊಳ್ಳಬೇಕಾದ ಮಾತು. ಕೆಲಸದ ಮೇಲಿದ್ದಾಗ ಡ್ರೈವರ್‌ಗೋ ಕ್ಲೀನರ್‌ಗೋ ಏನಾದರೂ ಆದರೆ ಕಾನೂನಿನ ಪ್ರಕಾರ ಓನರ್ ಪರಿಹಾರ ಕೊಡಬೇಕು. ಆದರೆ ಹುಡುಗ ಆ ಗಾಡಿಯಲ್ಲಿ ಕೆಲಸಕ್ಕಿದ್ದ ಅನ್ನುವುದಕ್ಕೆ ದಾಖಲೆ ಬೇಕು. ಆದ್ದರಿಂದ ಸಂಬಳ ಕೈಗೆ ತೆಗೆದುಕೊಳ್ಳಬೇಡಿ, ಬ್ಯಾಂಕಿಗೆ ಹಾಕಿಸಿಕೊಳ್ಳಿ. ಬತ್ತಾ ಕೈಗೆ ಬಂದರೂ ಪರವಾಗಿಲ್ಲ. ಲೈಸೆನ್ಸ್, ಗಾಡಿಯ ಆರ್‌ಸಿ, ಇನ್ಶೂರೆನ್ಸ್ ಮೂರರ ಫೋಟೋ ಮನೆಯವರ ಫೋನಿನಲ್ಲಿ ಇರಲಿ. ಇವತ್ತೇ ಎಲ್‌ಎಲ್ ಅರ್ಜಿ ಹಾಕಬೇಕು ಅನ್ನುವವರು ಬಾಗಿಲ ಹತ್ತಿರದ ಟೇಬಲ್ಲಿಗೆ ಬನ್ನಿ, ಕೂತು ತುಂಬಿಸೋಣ. ಆಧಾರ್ ಕಾರ್ಡು, ಅದಕ್ಕೆ ಲಿಂಕ್ ಆಗಿರುವ ಫೋನು ಎರಡೂ ಜೊತೆಗಿರಲಿ. ಓಟಿಪಿ ಬರುವುದು ಅದಕ್ಕೇ.